ನಾಲ್ಕು ಗಂಟೆಯ ಪೊಟ್ಟಣ

ಈ ಸಂಗತಿಯನ್ನು ಮನೆಯಲ್ಲೂ ನಾನು ಪೂರ್ತಿ ಹೇಳಿಲ್ಲ. ಅರ್ಧ ಹೇಳಿದ್ದೇನೆ. ಆ ಅರ್ಧದಲ್ಲಿ ನಾನು ತುಂಬ ಒಳ್ಳೆಯವಳು. ಉಳಿದರ್ಧ ಹೇಳಲು ಬಾಯಿ ತೆರೆದಾಗಲೆಲ್ಲ ಒಲೆಯ ಮೇಲಿನ ಹಾಲೋ, ಹೊರಗೆ ಒಣಹಾಕಿದ ಬಟ್ಟೆಯೋ ನೆನಪಾಗಿ ಎದ್ದು ಹೋಗಿದ್ದೇನೆ. ನನ್ನ ಪೆನ್ನಿನ ಒಂದು ಗೀಟಿನಿಂದ ಒಬ್ಬ ಹೆಂಗಸಿನ ಸೀಟು ಹೋಯಿತು. ಅದನ್ನು ವಾಪಸ್ಸು ಕೊಡಿಸುವುದೂ ನನ್ನ ಕೈಯಲ್ಲೇ ಇತ್ತು. ಎರಡು ತಿಂಗಳು ನಾನು ಕೊಡಿಸಲಿಲ್ಲ. ವಿಷಯ ಇಷ್ಟೇ.

ನಾನು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ನರ್ಸು. ಸೇರಿ ಹನ್ನೊಂದು ವರ್ಷವಾಯಿತು. ಮೆಟ್ಟಿಲ ಕೆಳಗಿನ ಕೋಣೆ ನನ್ನದು. ಒಂದು ಮಂಚ, ಬಿ.ಪಿ. ನೋಡುವ ಯಂತ್ರ, ಬಾಗಿಲು ಸರಿಯಾಗಿ ಮುಚ್ಚದ ಔಷಧಿ ಬೀರು, ಮೇಜಿನ ಮೇಲೆ ಚೀಟಿಪುಸ್ತಕ. ಹೊಲಿಗೆ ಹಾಲಿನಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ನನ್ನ ಹತ್ತಿರ ಕಳಿಸುತ್ತಾರೆ. ನಾನು ಚೀಟಿ ಬರೆಯುತ್ತೇನೆ. ಚೀಟಿ ಹೇಳಿದ ಹಾಗೆ ಅವಳು ಮಿಷನ್ನಿಗೆ ಹೋಗುತ್ತಾಳೆ, ಇಲ್ಲವೇ ಮನೆಗೆ. ಮನೆಗೆ ಹೋದವಳ ಸೀಟಿಗೆ ಮರುದಿನವೇ ಇನ್ನೊಬ್ಬಳು ಬರುತ್ತಾಳೆ. ಸೀಟು ಅಂದರೆ ಮಿಷನ್ನಿನ ಮುಂದಿನ ಆ ಸ್ಟೂಲು, ಅಷ್ಟೇ. ಆದರೆ ಅದು ಹೋದರೆ ಉಳಿಯುವುದು ಹೆಲ್ಪರ್ ಕೆಲಸ: ದಿನವಿಡೀ ನಿಂತುಕೊಂಡು ದಾರದ ತುದಿ ಕತ್ತರಿಸಬೇಕು, ಸಂಬಳ ಕಡಿಮೆ, ಯಾವತ್ತು ಬೇಕಾದರೂ ‘ನಾಳೆಯಿಂದ ಬರಬೇಡ’ ಅನ್ನಿಸಿಕೊಳ್ಳಬಹುದು.

ನಾನೂರು ಹೆಂಗಸರ ಮೇಲೆ ಹೀಗೊಂದು ಪೆನ್ನು ಹಿಡಿದು ಕೂತವಳಿಗೆ ತಾಳ್ಮೆ ಇರಬೇಕಾಗಿತ್ತು. ನನಗೋ ಕೋಪ ಮೂಗಿನ ತುದಿಯಲ್ಲೇ. ಬೈದು ಮುಗಿಸಿದ ಮೇಲೆ ಕಾರಣ ಕೇಳುವ ಜಾತಿ ನಾನು.

ಹೋದ ವರ್ಷ ನನ್ನದೇ ಬಿ.ಪಿ. ಏರಿತು. ರಕ್ತ ಪರೀಕ್ಷೆಯಲ್ಲಿ ಕೊಬ್ಬೂ ಜಾಸ್ತಿ ಬಂತು. ಡಾಕ್ಟರು ಬಿಸ್ಕತ್ತು, ಕರಿದದ್ದು ಬಿಡಿಸಿ, ಸಂಜೆ ಹಸಿವಾದಾಗ ಒಂದು ಹಿಡಿ ಬೀಜ ತಿನ್ನಿ ಅಂದರು. ಬಾದಾಮಿ, ಅಕ್ರೋಟ, ಗೋಡಂಬಿ, ಕಡಲೆಕಾಯಿ ಬೀಜ, ಯಾವುದಾದರೂ ಸರಿ, ಉಪ್ಪು ಹಾಕಿರಬಾರದು, ಎಣ್ಣೆಯಲ್ಲಿ ಹುರಿದಿರಬಾರದು. ಔಷಧಿಯ ಜೊತೆಗೆ ಅದನ್ನೂ ಆರು ತಿಂಗಳು ಬಿಡದೆ ತಿಂದೆ. ಬಿ.ಪಿ. ಇಳಿಯಿತು, ಕೆಟ್ಟ ಕೊಬ್ಬು ಇಳಿಯಿತು, ಸಂಜೆ ಐದರ ಹೊತ್ತಿಗೆ ಕಂಡಕಂಡದ್ದನ್ನು ಬಾಯಿಗೆ ಹಾಕಿಕೊಳ್ಳುವ ಚಪಲವೂ ಹೋಯಿತು. ಅಲ್ಲಿಗೆ ನನಗೆ ಕೊಂಬು ಬಂತು. ಎದುರಿಗೆ ಸಿಕ್ಕಿದವರಿಗೆಲ್ಲ ಉಪದೇಶ. ನಮ್ಮ ಯಜಮಾನರಂತೂ ಬಂದ ನೆಂಟರ ಮುಂದೆ, “ಎಲ್ಲರೂ ನಾಯಿ ಸಾಕ್ತಾರೆ, ನಾನು ಅಳಿಲು ಸಾಕಿದೀನಿ” ಎಂದು ಶುರು ಹಚ್ಚಿಕೊಂಡಿದ್ದರು.

ಕಾರ್ಖಾನೆಯಲ್ಲಿ ನಾಲ್ಕು ಗಂಟೆಗೆ ಚಹಾ ಜೊತೆ ಒಂದು ತಟ್ಟೆ ಕರಿದ ಆಲೂಗಡ್ಡೆ ಕೊಡುತ್ತಿದ್ದರು. ಎಣ್ಣೆ ನೋಡಿದರೆ ಹೊಟ್ಟೆ ತೊಳಸುತ್ತಿತ್ತು, ಅದೆಷ್ಟು ಸಲ ಕಾಯಿಸಿದ್ದೋ. ನಾನು ಮೇಲಿನಮ್ಮನ ಬೆನ್ನು ಹತ್ತಿದೆ. ಮೇಲಿನಮ್ಮ ಅಂದರೆ ಸಿಬ್ಬಂದಿ ವಿಚಾರ ನೋಡಿಕೊಳ್ಳುವ ಅಧಿಕಾರಿ. ಆಕೆಯ ಕೋಣೆ ಮಹಡಿಯ ಮೇಲಿರುವುದರಿಂದ ಆ ಹೆಸರು. ಆಲೂಗಡ್ಡೆ ಬಿಡಿ, ಬೀಜ ಕೊಡಿ, ಕಾಯಿಲೆ ರಜೆ ಕಡಿಮೆಯಾಗದಿದ್ದರೆ ನನ್ನನ್ನು ಕೇಳಿ ಅಂದೆ. ಮೂರು ಸಲ ಮೆಟ್ಟಿಲು ಹತ್ತಿ ಇಳಿದ ಮೇಲೆ ಒಪ್ಪಿದರು. ಮೂವತ್ತು ಗ್ರಾಮಿನ ಪುಟ್ಟ ಪೊಟ್ಟಣ ದಿನಕ್ಕೊಂದು. ಬೀಜ ಮೈಗೆ ಆಗದವರು ಇಬ್ಬರಿದ್ದರು, ಅವರಿಗೆ ಬಾಳೆಹಣ್ಣು. ಅಷ್ಟರಮಟ್ಟಿಗೆ ನಾನು ಜವಾಬ್ದಾರಿಯವಳೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಮೊದಲ ದಿನ ಊಟದ ಹಾಲಿನಲ್ಲಿ ಸ್ಟೂಲಿನ ಮೇಲೆ ನಿಂತು ಭಾಷಣ ಮಾಡಿದೆ. ಒಳ್ಳೆಯ ಕೊಬ್ಬು ಯಾವುದು, ಕೆಟ್ಟದ್ದು ಯಾವುದು, ಹೃದಯಕ್ಕೆ ಹೇಗೆ ಒಳ್ಳೆಯದು, ನಾರಿನಂಶ ಇರುವುದರಿಂದ ಹೊಟ್ಟೆ ತುಂಬಿದ ಹಾಗೆ ಹೇಗೆ ಇರುತ್ತದೆ, ಸಕ್ಕರೆ ಯಾಕೆ ದಿಢೀರನೆ ಏರುವುದಿಲ್ಲ, ಎಲ್ಲ. “ಚೆನ್ನಾಗಿ ಅಗಿದು ತಿನ್ಬೇಕು, ಗುಳಿಗೆ ನುಂಗೋ ಹಾಗೆ ನುಂಗ್ಬೇಡಿ” ಅಂದೆ. ಹಿಂದಿನ ಸಾಲಿನಿಂದ ಒಬ್ಬಳು, “ಸಿಸ್ಟರ್, ಅಗಿಯೋಕೆ ಟೈಮ್ ಕೊಡ್ತಾರಾ? ಬೇಗಣ್ಣಂಗೆ ಹೇಳಿ” ಅಂದಳು. ಬೇಗಣ್ಣ ಅವರ ಲೈನ್ ಸೂಪರ್‌ವೈಸರ್. ಬೆಳಗಿನಿಂದ ಸಂಜೆವರೆಗೆ ‘ಬೇಗ ಬೇಗ’ ಅನ್ನುವುದರಿಂದ ಅವನ ತಾಯಿ ಇಟ್ಟ ಹೆಸರು ಎಲ್ಲರಿಗೂ ಮರೆತಿದೆ. ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ.

ಅಲ್ಲಿ ಹೆಸರುಗಳೇ ಹಾಗೆ. ಯಾರು ಅಂಗಿಯ ಯಾವ ಭಾಗ ಹೊಲಿಯುತ್ತಾರೋ ಅದೇ ಹೆಸರು. ತೋಳು ಹೊಲಿಯುವವಳು ತೋಳಮ್ಮ, ಜೇಬು ಹೊಲಿಯುವವಳು ಜೇಬಮ್ಮ. ಕಾಲರ್ ಹೊಲಿಯುವವಳು ಕಾಲರಮ್ಮ. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಕಾಲರ್ ಹೊಲಿಯುವುದು ಎಲ್ಲರಿಗೂ ಬರುವುದಿಲ್ಲ. ಮೂಲೆ ಎರಡೂ ಸಮ ಬರಬೇಕು, ಒಂದು ಹೊಲಿಗೆ ಹೆಚ್ಚುಕಡಿಮೆಯಾದರೆ ಇಡೀ ಅಂಗಿ ಸೊಟ್ಟ ಕಾಣುತ್ತದೆ. ಆ ಸೀಟಿಗೆ ಬರಲು ಅವಳಿಗೆ ಆರು ವರ್ಷ ಹಿಡಿದಿತ್ತು.

ಪೊಟ್ಟಣ ಶುರುವಾಗಿ ಮೂರು ತಿಂಗಳಾಯಿತು. ಒಂದು ಬೀಜವೂ ಉಳಿಯುತ್ತಿರಲಿಲ್ಲ. ಆಲೂಗಡ್ಡೆ ಕಾಲದಲ್ಲಿ ತಟ್ಟೆಯಲ್ಲಿ ಅಷ್ಟಿಷ್ಟು ಬಿಡುತ್ತಿದ್ದವರು ಈಗ ಪೊಟ್ಟಣ ಒಂದನ್ನೂ ಬಿಡುತ್ತಿರಲಿಲ್ಲ. ‘ನೂರಕ್ಕೆ ನೂರು ಸೇವನೆ’ ಎಂದು ನಾನೇ ವರದಿ ಬರೆದೆ. ಮೇಲಿನಮ್ಮ ನನ್ನ ಫೋಟೋ ತೆಗೆಸಿ, ಪೊಟ್ಟಣ ಹಿಡಿದು ನಿಂತ ನನ್ನನ್ನು ಊಟದ ಹಾಲಿನ ಗೋಡೆಗೆ ಅಂಟಿಸಿದರು. ಹೊರಗಿನ ಕಂಪನಿಯವರು ಬಂದಾಗ ನನ್ನನ್ನು ಕರೆದು ಪರಿಚಯ ಮಾಡಿಸಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅದೇ ದಿನಗಳಲ್ಲಿ ಸಂಜೆ ಐದು ದಾಟಿದರೆ ನನ್ನ ಕೋಣೆಗೆ ಹೆಂಗಸರು ಬರುವುದು ಹೆಚ್ಚಾಗಿತ್ತು. ತಲೆಸುತ್ತು, ತಲೆನೋವು, ಕಣ್ಣು ಕತ್ತಲೆ. ಮಧ್ಯಾಹ್ನ ಸರಿಯಾಗಿ ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ ಎಂದು ಒಬ್ಬೊಬ್ಬರಿಗೂ ಕ್ಲಾಸು ತೆಗೆದುಕೊಂಡೆ. ನಾಲ್ಕು ಗಂಟೆಗೆ ಬೀಜ ತಿಂದವಳಿಗೆ ಐದೂವರೆಗೆ ತಲೆ ಯಾಕೆ ಸುತ್ತಬೇಕು ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ವರದಿ ಕೆಡುತ್ತಿತ್ತಲ್ಲ.

ಆ ದಿನ ಕಾಲರಮ್ಮ ಮಿಷನ್ ಮೇಲೆಯೇ ಬಿದ್ದಳು. ಸದ್ಯ, ಸೂಜಿ ತಗುಲಲಿಲ್ಲ, ಹಣೆ ಮಾತ್ರ ಕಬ್ಬಿಣಕ್ಕೆ ಬಡಿದು ಊದಿತ್ತು. ಇಬ್ಬರು ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದರು. ಬೇಗಣ್ಣನೂ ಹಿಂದೆಯೇ ಬಂದ. ಎಚ್ಚರವಾದ ಮೇಲೆ ಸಕ್ಕರೆ ನೀರು ಕುಡಿಸಿ, ಅವಳ ಕೆಲಸದ ಗೌನು ಸಡಿಲಿಸುವಾಗ ಜೇಬಿನಲ್ಲಿ ಏನೋ ಗರಗರ ಅಂದಿತು. ತೆಗೆದರೆ ಅಂದಿನ ಪೊಟ್ಟಣ, ಒಡೆದೇ ಇಲ್ಲ. ಪಕ್ಕದಲ್ಲಿ ಇಟ್ಟಿದ್ದ ಅವಳ ಊಟದ ಡಬ್ಬಿ ತೆರೆದೆ. ತೆರೆಯುವ ಹಕ್ಕು ನನಗಿರಲಿಲ್ಲ, ಆದರೂ ತೆರೆದೆ. ಅದರೊಳಗೆ ಇನ್ನೂ ನಾಲ್ಕು.

“ಏನಿದು?” ಅಂದೆ.

“ಸಿಸ್ಟರ್, ಅದು... ಅವರೆಲ್ಲ ಅವರ ಪಾಲಿಂದು...”

“ಓಹೋ! ಬೇರೆಯವರ ಪಾಲಿಂದೂ ಇದೆಯಾ? ಮಾರ್ಕೋತಿದೀಯಾ?”

“ಅಯ್ಯೋ ಇಲ್ಲ ಸಿಸ್ಟರ್! ಮಗೂಗೆ...”

“ಮಗು ನೆಪ ತೆಗೀಬೇಡ ನನ್ ಹತ್ರ. ಎಲ್ಲರೂ ಮಗೂನೇ ಮುಂದೆ ಹಿಡಿಯೋದು. ನಿನ್ನ ಹೊಟ್ಟೆಗೆ ಅಂತ ಕೊಟ್ಟಿದ್ದು, ನೀನು ತಿನ್ನಬೇಕಿತ್ತು.”

ಬೇಗಣ್ಣ ಗಡಿಯಾರ ನೋಡುತ್ತ, “ನಾಳೆ ಇವಳನ್ನ ಕೂರಿಸ್ಲಾ ಬೇಡ್ವಾ, ಚೀಟಿ ಬರ್ದಿಡಿ ಸಿಸ್ಟರ್” ಎಂದು ಹೋದ. ನನ್ನ ತಲೆಯಲ್ಲಿ ಚೀಟಿ ಇರಲಿಲ್ಲ. ‘ನೂರಕ್ಕೆ ನೂರು’ ಇತ್ತು. ಗೋಡೆಯ ಮೇಲಿನ ಫೋಟೋ ಇತ್ತು. ನನ್ನನ್ನು ಇವರೆಲ್ಲ ಸೇರಿ ಕೋಡಂಗಿ ಮಾಡಿದರು ಅನ್ನುವ ಉರಿ.

ಆರು ಗಂಟೆಗೆ ಗೇಟಿನ ಹತ್ತಿರ ಹೋಗಿ ನಿಂತೆ. ಕಾವಲಿನವನಿಗೆ ಎಲ್ಲರ ಚೀಲ ತೆಗೆಸು ಅಂದೆ. ಮೊದಲನೆಯ ಚೀಲದಲ್ಲಿ ಪೊಟ್ಟಣ, ಎರಡನೆಯದರಲ್ಲಿ ಪೊಟ್ಟಣ, ಮೂರನೆಯವಳು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡಿದ್ದಳು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಇಷ್ಟು ಜನ ಒಂದೇ ತಪ್ಪು ಮಾಡುತ್ತಿದ್ದಾರೆ ಅಂದರೆ ಅದು ತಪ್ಪಲ್ಲ, ಬೇರೇನೋ ಇದೆ ಎಂದು ಚಿಕ್ಕ ಮಗುವಿಗೂ ಹೊಳೆಯುತ್ತದೆ. ನಾನು ಕೂಗಿದೆ: “ಯಾರೂ ಗೇಟು ದಾಟೋ ಹಾಗಿಲ್ಲ. ಇಲ್ಲೇ ನಿಂತು ತಿನ್ನಿ. ನನ್ನ ಕಣ್ಣೆದುರಿಗೆ!”

ಅವರು ತಿಂದರು. ನೆಲ ನೋಡಿಕೊಂಡು ತಿಂದರು. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬೀಜ ಗಟಗಟನೆ ನುಂಗುವ ವಸ್ತುವಲ್ಲ. ಅಗಿಯಬೇಕು, ಹೊತ್ತು ಹಿಡಿಯುತ್ತದೆ. ಕಂಪನಿಯ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ಕೊನೆಗೆ ಉಳಿದವಳು ಕಾಲರಮ್ಮ. ಅವಳ ಕೈಯಲ್ಲಿ ಐದು ಪೊಟ್ಟಣ. ಹಣೆ ಊದಿಕೊಂಡೇ ಇತ್ತು. ಒಂದಾದ ಮೇಲೊಂದು ಒಡೆದು ತಿಂದಳು. ನಾಲ್ಕನೆಯದಕ್ಕೆ ಕೆಮ್ಮು ಬಂತು. ಕಾವಲಿನವನು ನೀರಿನ ಬಾಟಲಿ ಕೊಟ್ಟ. ಅವನಿಗೆ ತೋಚಿದ್ದು ನರ್ಸ್ ಅನ್ನಿಸಿಕೊಂಡ ನನಗೆ ತೋಚಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಿಂದಿದ್ದರೆ ಅವಳು ನನ್ನ ಮುಖವನ್ನೇ ನೋಡುತ್ತ ತಿಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಆಯ್ತು ಸಿಸ್ಟರ್,” ಅಂದಳು. “ಬಾಯಿ ತೋರಿಸ್ಲಾ?”

ತೋರಿಸಿದಳು ಕೂಡ. ನಾನು ನೋಡಿದೆ! ಅಯ್ಯೋ, ಬಗ್ಗಿ ನೋಡಿದೆ. ಈಗ ಅದನ್ನು ನೆನೆದರೆ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ.

ಅವಳು ನಡೆದುಕೊಂಡು ಹೋದಳು. ನಾನು ಕೋಣೆಗೆ ಬಂದೆ. ಕೋಪ ಆರಿರಲಿಲ್ಲ. ನಮ್ಮ ಚೀಟಿಯಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ: ‘ಸದರಿ ಕಾರ್ಮಿಕರು ಕೆಲಸಕ್ಕೆ ಯೋಗ್ಯ / ಅಯೋಗ್ಯ. ಅನ್ವಯಿಸದಿರುವುದನ್ನು ಹೊಡೆದುಹಾಕಿ.’ ನಾನು ‘ಯೋಗ್ಯ’ದ ಮೇಲೆ ಗೀಟು ಎಳೆದೆ. ಕೆಳಗೆ ಬರೆದೆ: ‘ಕೊಟ್ಟ ಪೌಷ್ಟಿಕಾಹಾರ ಸೇವಿಸುವುದಿಲ್ಲ. ಸೂಚನೆ ಪಾಲಿಸುವುದಿಲ್ಲ.’ ಸಹಿ, ಮೊಹರು. ಅವಳ ಬಿ.ಪಿ. ಸರಿಯಿತ್ತು, ನಾಡಿ ಸರಿಯಿತ್ತು, ಒಂದು ರಾತ್ರಿ ನಿದ್ದೆ ಮಾಡಿದರೆ ಮರುದಿನ ಕೂರಬಹುದಿತ್ತು. ನನಗದು ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಬೇಗಣ್ಣ ಆ ಚೀಟಿ ಅವಳ ಕೈಗೆ ಕೊಟ್ಟ. ಅವಳು ಸೀದಾ ನನ್ನ ಕೋಣೆಗೆ ಬಂದಳು. ಚೀಟಿಯನ್ನು ಮೇಜಿನ ಮೇಲಿಟ್ಟು ಆ ಪದದ ಮೇಲೆ ಬೆರಳಿಟ್ಟಳು.

“ಅಯೋಗ್ಯ ಅಂದ್ರೆ ಬೈಗುಳ ಅಲ್ವಾ ಸಿಸ್ಟರ್? ನಮ್ಮನೇಲಿ ನಮ್ಮಾವ ಕುಡಿದು ಬಂದೋರಿಗೆ ಹಾಗಂತಾರೆ.”

“ಏ, ಹಾಗಲ್ಲ ಕಣೆ. ಅದು ಫಾರಂ ಭಾಷೆ. ಕೆಲಸಕ್ಕೆ ಆಗಲ್ಲ ಅಂತ ಅರ್ಥ ಅಷ್ಟೇ.”

“ಫಾರಂನಲ್ಲಿ ಎರಡೂ ಇತ್ತಲ್ಲ,” ಅಂದಳು. “ನೀವು ಇದನ್ನ ಉಳಿಸಿದ್ರಿ.”

ಅವಳು ಚೀಟಿಯನ್ನು ಮಡಚಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಅವಳ ಸ್ಟೂಲಿನ ಮೇಲೆ ಬೇರೆಯವಳು ಕೂತಿದ್ದಳು.

ಕಾರ್ಖಾನೆಯಲ್ಲಿ ಕೆಲಸಗಾರರ ಚಿಕ್ಕ ಮಕ್ಕಳಿಗೆ ಒಂದು ಕೋಣೆ ಇದೆ. ಅದನ್ನು ನೋಡಿಕೊಳ್ಳುವ ಆಯಾ ನನಗಿಂತ ಹತ್ತು ವರ್ಷ ದೊಡ್ಡವಳು, ನನಗೆ ಹೆದರದ ಒಬ್ಬಳೇ ಒಬ್ಬಳು. ಆ ದಿನ ಮಧ್ಯಾಹ್ನ ಬಂದು ಒಂದು ಕಾರ್ಡನ್ನು ನನ್ನ ಮುಂದೆ ತಟ್ಟನೆ ಹಾಕಿದಳು. ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಿ ನಾನೇ ತುಂಬುವ ಕಾರ್ಡು.

“ಓದಮ್ಮಾ ಸಿಸ್ಟರಮ್ಮ, ನಿಂದೇ ಅಕ್ಷರ.”

ಕಾಲರಮ್ಮನ ಮಗಳದ್ದು. ಮೂರು ವರ್ಷ. ಮೂರು ತಿಂಗಳ ಹಿಂದೆ ಕೆಂಪು ಶಾಯಿಯಲ್ಲಿ ನಾನು ಬರೆದಿದ್ದೆ: ‘ತೂಕ ಸಾಲದು. ದಿನಾ ಮಗುವಿನ ಕೈಯಲ್ಲಿ ಒಂದು ಹಿಡಿಯಷ್ಟು ಬೀಜ, ನುಣ್ಣಗೆ ಪುಡಿ ಮಾಡಿ ಹಾಲಿನಲ್ಲಿ ಕೊಡಿ. ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು.’ ಅದರ ಕೆಳಗೆ ಮುಂದಿನ ತಿಂಗಳು, ತೂಕ ಏರಿತ್ತು. ಅದರ ಮುಂದಿನ ತಿಂಗಳು ಇನ್ನೂ ಏರಿತ್ತು. ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ನನ್ನದೇ ‘ಭೇಷ್!’

“ನೀನೇ ಹೇಳಿದ್ದು ಅಂತ ಕೊಟ್ಳು,” ಅಂದಳು ಆಯಾ. “ಅಂಗಡೀಲಿ ಬಾದಾಮಿ ತಗೊಳ್ಳೋ ಸಂಬಳಾನಾ ಅವಳ್ದು? ಆಲೂಗಡ್ಡೆ ಆದ್ರೆ ಬಿಸಿಬಿಸಿ ಅಲ್ಲೇ ತಿಂದು ಏಳ್ತಿದ್ರು. ಎಣ್ಣೆ ಸುರಿಯೋದನ್ನ ಮನೆಗೆ ಯಾರು ತಗೊಂಡ್ಹೋಗ್ತಾರೆ? ನೀನು ಕೆಡದೇ ಇರೋದನ್ನ ಕೊಟ್ಟೆ. ಕೆಡದೇ ಇರೋದು ತಾಯಿ ಕೈಗೆ ಸಿಕ್ರೆ ಅವಳು ಬಾಯಿಗೆ ಹಾಕ್ಕೋತಾಳಾ? ಮಕ್ಕಳಿಲ್ಲದೋರು ಅವರ ಪಾಲಿಂದೂ ಅವಳಿಗೆ ಕೊಡ್ತಿದ್ರು.”

ಹನ್ನೆರಡೂವರೆಗೆ ಉಂಡವರು ಸಂಜೆ ಆರರವರೆಗೆ ಬರೀ ಚಹಾದ ಮೇಲೆ ಮಿಷನ್ ತುಳಿಯುತ್ತಿದ್ದರು. ಎಣ್ಣೆಯದೋ ಕೆಟ್ಟದ್ದೋ, ಆಲೂಗಡ್ಡೆಯಾದರೂ ಅವರ ಹೊಟ್ಟೆಗೆ ಹೋಗುತ್ತಿತ್ತು. ನಾನು ಅದನ್ನೂ ಕಿತ್ತುಕೊಂಡಿದ್ದೆ. ಮಕ್ಕಳ ತೂಕ ನೋಡುವ ದಿನ ಕಾಲರಮ್ಮನನ್ನೇ, “ಏನು ಕೊಡ್ತಿದೀಯೇ?” ಎಂದು ಕೇಳಿದ್ದೆನಂತೆ. “ನೀವು ಹೇಳಿದ್ದೇ ಸಿಸ್ಟರ್” ಎಂದು ಅವಳು ನಕ್ಕಿದ್ದಳಂತೆ. ನನಗೆ ನೆನಪೇ ಇರಲಿಲ್ಲ. ನಾನು ತೂಕದ ಮುಳ್ಳು ನೋಡುತ್ತಿದ್ದೆ, ತಾಯಿಯ ಮುಖವನ್ನಲ್ಲ.

ತಕ್ಷಣ ಮೆಟ್ಟಿಲು ಹತ್ತಿದೆ. ಇಲ್ಲಿಯವರೆಗಿನದು ಕೋಪದಲ್ಲಿ ಆದದ್ದು. ಮುಂದಿನದಕ್ಕೆ ಆ ನೆಪವೂ ಇಲ್ಲ.

“ಆ ಚೀಟಿ ರದ್ದು ಮಾಡ್ಬೇಕು” ಅಂದೆ. ಮೇಲಿನಮ್ಮ ಕೆಟ್ಟವರೇನಲ್ಲ, ಕಾಗದದಲ್ಲಿದ್ದದ್ದನ್ನೇ ನಂಬುವವರು. “ಮಾಡೋಣ,” ಅಂದರು. “ಚೀಟಿ ಕೊಟ್ಟಿದ್ದೇ ತಪ್ಪು, ತಪ್ಪು ನನ್ನದು ಅಂತ ನೀವು ಬರ್ಕೊಟ್ರೆ ಸೀಟು ಅವಳಿಗೇ ವಾಪಸ್ಸು, ನಿಯಮ ಹಾಗೇ ಇದೆ. ಆದ್ರೆ ಕಾರಣ ಬರೀಬೇಕಾಗುತ್ತೆ. ಆಗ ನಿಮ್ಮ ವರದಿಯೂ ತಪ್ಪು ಅಂತ ಬರುತ್ತೆ, ಯೋಚ್ನೆ ಮಾಡಿ. ಇಲ್ಲಾಂದ್ರೆ ಒಂದು ವಾರ ಬಿಟ್ಟು, ‘ಮರುಪರೀಕ್ಷೆಯ ನಂತರ ಯೋಗ್ಯ’ ಅಂತ ಬೇರೆ ಚೀಟಿ ಬರೀರಿ. ಸೀಟು ಸಿಗಲ್ಲ, ಹೆಲ್ಪರ್ ಆಗಿ ಒಳಗೆ ಬರ್ತಾಳೆ.”

ಯೋಚನೆ ಮಾಡಿದೆ. ಗೋಡೆಯ ಮೇಲಿನ ಫೋಟೋ, ಹನ್ನೊಂದು ವರ್ಷದ ಹೆಸರು, ಬೇಗಣ್ಣನ ಮುಂದೆ ತಲೆ ತಗ್ಗಿಸುವುದು. ಒಂದು ವಾರ ಬಿಟ್ಟು ಎರಡನೆಯ ಚೀಟಿಯನ್ನೇ ಬರೆದೆ. ಈ ಚೀಟಿಯ ಪ್ರಕಾರ ತಪ್ಪು ನನ್ನದಲ್ಲ, ಅವಳು ಸುಧಾರಿಸಿದ್ದಳು, ಅಷ್ಟೇ.

ಕಾಲರಮ್ಮ ವಾಪಸ್ಸು ಬಂದಳು, ನಿಂತುಕೊಂಡು ದಾರ ಕತ್ತರಿಸಲು. ಬಂದ ದಿನವೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ದೊಡ್ಡ ಮನಸ್ಸು ಮಾಡಿದ್ರಿ ಸಿಸ್ಟರ್, ಒಳಗಾದ್ರೂ ಕರ್ಸ್ಕೊಂಡ್ರಿ” ಅಂದಳು. ಕುಹಕ ಇರಲಿಲ್ಲ ಮಾತಿನಲ್ಲಿ, ನಾನು ಹುಡುಕಿ ನೋಡಿದೆ. ಅವಳ ಕಾಲು ಹಿಡಿಯಬೇಕಾಗಿದ್ದವಳು ನಾನು. ಏನು ಹೇಳಿದೆ ಗೊತ್ತೇ? “ಇರ್ಲಿ ಬಿಡು” ಅಂದೆ. ಅವಳ ಕೃತಜ್ಞತೆಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ನಾನು ಮಾಡಿದ್ದರಲ್ಲಿ ಅತ್ಯಂತ ಹೇಸಿಗೆಯದು ಗೇಟಿನದ್ದಲ್ಲ, ಇದು.

ಅಷ್ಟರಲ್ಲಿ ಮೇಲಿನಿಂದ ಹೊಸ ನಿಯಮ ಬಂದಿತ್ತು. ಗೇಟಿನ ಗಲಾಟೆ ಕೇಳಿ, ನನ್ನ ಹೆಸರು ಹೇಳಿಯೇ, ಪೊಟ್ಟಣವನ್ನು ಕ್ಯಾಂಟೀನಿನವರೇ ಒಡೆದು ತಟ್ಟೆಗೆ ಸುರಿಯಬೇಕು, ಎದುರಿಗೇ ತಿನ್ನಿಸಬೇಕು ಎಂದು ಮಾಡಿದರು. ಐದೂವರೆಯ ತಲೆಸುತ್ತು ನಿಂತಿತು. ಬೀಜ ತನ್ನ ಕೆಲಸ ಮಾಡುತ್ತಿತ್ತು, ಅದರದ್ದೇನೂ ತಪ್ಪಿರಲಿಲ್ಲ. ನನ್ನ ವರದಿ ಈಗ ನಿಜಕ್ಕೂ ನೂರಕ್ಕೆ ನೂರಾಯಿತು. ಮನೆಯಲ್ಲಿ ಯಜಮಾನರು, “ಏನೇ, ಅಳಿಲು ಸಪ್ಪಗಾಗಿದೆ?” ಎಂದು ಕೇಳಿದರು. ಬಿಸಿಲು ಅಂದೆ.

ಎರಡು ತಿಂಗಳು ಮಕ್ಕಳ ತೂಕದ ದಿನ ಏನೋ ನೆಪ ಹೇಳಿ ತಪ್ಪಿಸಿಕೊಂಡೆ, ಆಯಾಳೇ ನೋಡಿಕೊಂಡಳು. ಮೂರನೆಯ ಸಲ ಆಗಲಿಲ್ಲ. ಮಕ್ಕಳ ಕೋಣೆಯಲ್ಲಿ ಕೂತೆ. ತಾಯಂದಿರು ಸಾಲಾಗಿ ನಿಂತಿದ್ದರು. ಮೊದಲನೆಯ ಕಾರ್ಡು, ತೂಕ ಏರಿಲ್ಲ. ಎರಡನೆಯದು, ಏರಿಲ್ಲ. ಐದನೆಯದೋ ಆರನೆಯದೋ ಕಾಲರಮ್ಮನ ಮಗಳು. ಎರಡು ಜುಟ್ಟು, ತೂಕದ ತಟ್ಟೆಯ ಮೇಲೆ ಅಲುಗಾಡದೆ ಕೂರಬೇಕು ಎಂದು ಯಾರೋ ಹೇಳಿಕೊಟ್ಟಂತೆ ಉಸಿರು ಹಿಡಿದು ಕೂತಿತ್ತು. ಎರಡು ತಿಂಗಳಲ್ಲಿ ಮುನ್ನೂರು ಗ್ರಾಂ ಇಳಿದಿತ್ತು.

ಹಾಳು ಬಾಯಿ! ಅಭ್ಯಾಸಬಲ. ಯೋಚಿಸುವ ಮುಂಚೆ ಹೊರಗೆ ಬಂದುಬಿಟ್ಟಿತು: “ಯಾಕೆ ಇಳಿದಿದೆ? ಏನು ಕೊಡ್ತಿದೀಯಾ?”

ಕಾಲರಮ್ಮ ಮಗಳ ಜುಟ್ಟು ಸರಿಮಾಡುತ್ತ, “ಈಗ ನಾನೇ ತಿಂತಿದೀನಲ್ಲ ಸಿಸ್ಟರ್” ಅಂದಳು.

ನನ್ನ ಕೈಯಲ್ಲಿ ಕೆಂಪು ಶಾಯಿಯ ಪೆನ್ನು. ಏನು ಬರೆಯಲಿ? ದಿನಾ ಒಂದು ಹಿಡಿ ಬೀಜ ಕೊಡಿ ಎಂದು ಬರೆಯಲೇ? ಮುಖವೆಲ್ಲ ಬಿಸಿಯಾಯಿತು, ಕಿವಿಯ ತುದಿಯವರೆಗೂ. ಎದ್ದು ನಿಂತೆ.

“ತಪ್ಪು ನಿಂದಲ್ಲ,” ಅಂದೆ. ಮತ್ತೆ ಜೋರಾಗಿ ಹೇಳಿದೆ, ಎಲ್ಲರಿಗೂ ಕೇಳಿಸಲಿ ಎಂದು. “ಯಾವತ್ತೂ ನಿಂದಲ್ಲ. ಆ ಚೀಟಿ ಸುಳ್ಳು. ಅವತ್ತು ನೀನು ಚೆನ್ನಾಗೇ ಇದ್ದೆ. ಸಿಟ್ಟಿಗೆ ಬರ್ದೆ ನಾನು. ಆಮೇಲೆ ಗೊತ್ತಾದ್ಮೇಲೂ ಸುಮ್ನಿದ್ದೆ. ತಪ್ಪೆಲ್ಲ ನಂದು.”

ಹೇಳಿ ಮುಗಿಸಿ ಕಾದೆ. ಯಾರಾದರೂ ಬೆರಗಾಗುತ್ತಾರೆ, ಯಾರಾದರೂ ಬೈಯುತ್ತಾರೆ, ಬೈಸಿಕೊಂಡರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ತೋಳಮ್ಮ ಕಂಕುಳ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡಳು. ಆಯಾ ಕಿಟಕಿಯ ಹೊರಗೆ ನೋಡಿದಳು.

ಕಾಲರಮ್ಮ ಮಗಳನ್ನು ತಟ್ಟೆಯಿಂದ ಎತ್ತಿಕೊಂಡಳು. “ಅದು ಇಲ್ಲಿರೋರಿಗೆಲ್ಲ ಗೊತ್ತು ಸಿಸ್ಟರ್,” ಅಂದಳು. “ನಂಗೂ ಗೊತ್ತು, ಅವತ್ತಿಂದ್ಲೂ. ಮೇಲಿರೋರಿಗೆ ಮಾತ್ರ ಗೊತ್ತಿಲ್ಲ. ಅವ್ರಿಗೆ ಹೇಳಿ.”

ಅವಳು ನನಗೆ ಕೃತಜ್ಞತೆ ಹೇಳಿದ ದಿನವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು. ಒಳಗೆ ಇರಬೇಕಾದರೆ ನನ್ನ ಪೆನ್ನಿಗೆ ನಮಸ್ಕಾರ ಮಾಡಲೇಬೇಕಾಗಿತ್ತು ಅವಳಿಗೆ, ಅದಕ್ಕೇ.

ತೂಕದ ಪುಸ್ತಕವನ್ನು ಆಯಾಳ ಕೈಗೆ ಕೊಟ್ಟೆ. ಅಲ್ಲೇ, ಮಕ್ಕಳ ಪುಟ್ಟ ಮೇಜಿನ ಮುಂದೆ ಮೊಣಕಾಲೂರಿ, ಒಂದು ಹಾಳೆಯ ಮೇಲೆ ಬರೆದೆ. ಚೀಟಿ ತಪ್ಪು, ತಪ್ಪು ನನ್ನದು, ನನ್ನ ವರದಿಯೂ ಸುಳ್ಳು, ಅವರು ಹಸಿದುಕೊಂಡು ಮಕ್ಕಳಿಗೆ ಒಯ್ಯುತ್ತಿದ್ದರು. ತಿನ್ನಲು ಒಂದು, ಮನೆಗೆ ಒಂದು, ಹೀಗೆ ಎರಡು ಪೊಟ್ಟಣ ಕೊಡದಿದ್ದರೆ ಈ ಕಾರ್ಯಕ್ರಮ ಬರೀ ಬೂಟಾಟಿಕೆ. ಕಾಲರಮ್ಮ ಮಗುವನ್ನು ಎತ್ತಿಕೊಂಡೇ ಹಿಂದೆ ನಿಂತು ಒಂದೊಂದು ಸಾಲನ್ನೂ ಓದುತ್ತಿದ್ದಳು. ನಾನು ಎದ್ದಾಗ ಹಾಳೆಯನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಇನ್ನೊಮ್ಮೆ ಓದಿದಳು.

“ನಡೀರಿ,” ಅಂದಳು. “ನಾನೂ ಬರ್ತೀನಿ.”

ಹಾಳೆಯನ್ನು ನನಗೆ ವಾಪಸ್ಸು ಕೊಡಲಿಲ್ಲ. ಮೇಲಿನಮ್ಮನ ಮೇಜು ಮುಟ್ಟುವವರೆಗೂ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. ನಾನು ಅವಳ ಹಿಂದೆ ಮೆಟ್ಟಿಲು ಹತ್ತಿದೆ.